ಬಿಸಿಲೊಂದಿದ್ದರೆ ಸಾಲದು: ಮರ ಒಣಗಿಸುವ ಸೌರಗೂಡಿನ ಪಾಠ

ಬೋಧನಾಭ್ಯಾಸಕ್ಕೆಂದು ತಳಕಿಗೆ ಹೋಗಿದ್ದಾಗ ಒಂಬತ್ತನೇ ತರಗತಿಗೆ ಆವಿಯಾಗುವಿಕೆಯ ಪಾಠ ಮಾಡಿದೆ. ತಾಪ ಹೆಚ್ಚಿದಷ್ಟೂ ವಸ್ತು ಬೇಗ ಒಣಗುತ್ತದೆ ಎಂದು ಹೇಳಿ, “ನಮ್ಮ ಚಳ್ಳಕೆರೆ ಸೀಮೆಯ ಬಿಸಿಲಿರುವಾಗ ಬೇರೆ ಒಲೆ ಯಾಕೆ?” ಎಂದು ಕೇಳಿದೆ. ಹಿಂದಿನ ಸಾಲಿನ ಹುಡುಗ ಎದ್ದು ನಿಂತ. “ಸಾರ್, ನಮ್ಮಪ್ಪ ಬಡಗಿ ಕೆಲಸ ಮಾಡ್ತಾರೆ. ಹಸಿ ಹಲಗೇನ ಬಿಸಿಲಿಗೆ ಹಾಕಲ್ಲ, ನೆಳ್ಳಾಗೆ ಪೇರಿಸ್ತಾರೆ. ಬಿಸಿಲಿಗೆ ಹಾಕಿದ್ರೆ ಸೀಳ್ತೈತೆ ಅಂತಾರೆ.”

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ಆಮೇಲೆ ನೋಡೋಣ” ಎಂದು ಕೂರಿಸಿದೆ. ವೀಕ್ಷಕರಾಗಿದ್ದ ನಮ್ಮ ಉಪನ್ಯಾಸಕರು ಹಿಮ್ಮಾಹಿತಿಯಲ್ಲಿ ಒಂದೇ ಸಾಲು ಬರೆದರು: “ಹುಡುಗನ ಪ್ರಶ್ನೆಯೇ ಪಾಠವಾಗಿತ್ತು.”

ಅಂದು ರಾತ್ರಿ ವಿಷಯವನ್ನು ಓದಿಕೊಂಡೆ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶದ ಟೊಳ್ಳಿನಲ್ಲಿ ಮತ್ತು ಕೋಶಭಿತ್ತಿಯಲ್ಲಿ. ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ಮರ ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಇಳಿದಾಗ ಭಿತ್ತಿಯ ನೀರು ಹೋಗತೊಡಗಿ ಮರ ಕುಗ್ಗುತ್ತದೆ. ಸುಡುಬಿಸಿಲಿನಲ್ಲಿ ಹೊರಪದರ ಬೇಗ ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಹಸಿ ಮರ ಅದನ್ನು ಬಿಡುವುದಿಲ್ಲ. ಈ ಎಳೆದಾಟದಲ್ಲಿ ಹಲಗೆ ಬಿರಿಯುತ್ತದೆ. ಬಡಗಿಯ ಮಾತು ಸರಿಯಾಗಿತ್ತು.

ಹಾಗೆಂದು ನೆರಳಿನಲ್ಲಿ ತಿಂಗಳುಗಟ್ಟಲೆ ಕಾಯಬೇಕೆಂದಿಲ್ಲ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ 1970ರ ದಶಕದಲ್ಲೇ ಹಸಿರುಮನೆಯ ಮಾದರಿಯ ಸೌರಗೂಡನ್ನು ರೂಪಿಸಿತ್ತು. ನಮ್ಮಲ್ಲಿ ಮರದ ಸಂಶೋಧನೆಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಗೂಡಿನ ಚಾವಣಿ ಪಾರದರ್ಶಕ, ಒಳಗೆ ಕಪ್ಪು ತಗಡು. ಹಲಗೆಗಳ ನಡುವೆ ರೀಪು ಇಟ್ಟು ಪೇರಿಸುತ್ತಾರೆ. ಫ್ಯಾನು ಬಿಸಿಗಾಳಿಯನ್ನು ಆ ಸಂದುಗಳಲ್ಲಿ ಹಾಯಿಸುತ್ತದೆ. ಕಿಂಡಿಗಳು ತೇವದ ಗಾಳಿಯನ್ನು ಹೊರಬಿಡುತ್ತವೆ. ರಾತ್ರಿ ಗೂಡು ತಣ್ಣಗಾದಾಗ ಒಳಗಿನ ಆರ್ದ್ರತೆ ಏರಿ, ಮರದ ಹೊರಮೈ ತುಸು ತೇವ ಹೀರಿ ಬಿಗಿತ ಸಡಿಲವಾಗುತ್ತದೆ. ಈಚಿನ ಗೂಡುಗಳಲ್ಲಿ ಸೌರಫಲಕದಿಂದ ನಡೆಯುವ ಫ್ಯಾನು, ಆರ್ದ್ರತೆ ನೋಡಿ ತಾನೇ ತೆರೆಯುವ ಕಿಂಡಿಗಳೂ ಬಂದಿವೆ.

ಕೀಟ ಕೊಲ್ಲುವುದಕ್ಕೂ ತಾಪ ಬೇಕು. ವಿದೇಶಕ್ಕೆ ಹೋಗುವ ಪ್ಯಾಕಿಂಗ್ ಮರದ ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸತತ 30 ನಿಮಿಷ ಇರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಗೂಡಿನ ಗಾಳಿ ಅಷ್ಟು ಬಿಸಿಯಾದರೆ ಸಾಲದು, ತಿರುಳಿನ ತಾಪವನ್ನೇ ಅಳೆಯಬೇಕು.

ಮರುಪಾಠಕ್ಕೆ ರಟ್ಟಿನ ಪೆಟ್ಟಿಗೆಯೊಳಗೆ ಕಪ್ಪು ಕಾಗದ ಅಂಟಿಸಿ, ಮೇಲೆ ಪಾಲಿಥಿನ್ ಹಾಳೆ ಹೊದಿಸಿದೆ. ಒಂದೇ ಅಳತೆಯ ಮೂರು ಹಸಿ ಬೇವಿನ ತುಂಡುಗಳಲ್ಲಿ ಒಂದನ್ನು ಬಯಲಿಗೆ, ಒಂದನ್ನು ನೆರಳಿಗೆ, ಒಂದನ್ನು ಪೆಟ್ಟಿಗೆಗೆ ಇಟ್ಟೆವು. ಮಕ್ಕಳು ದಿನವೂ ತೂಗಿ ನಕ್ಷೆ ಬರೆದರು. ಕಿಂಡಿ ಮಾಡುವುದನ್ನು ಬೇಕೆಂದೇ ಬಿಟ್ಟಿದ್ದೆ. ಮೊದಲ ದಿನವೇ ಹಾಳೆಯ ಒಳಮೈಯಲ್ಲಿ ಹನಿಗಟ್ಟಿತು. “ಒಳಗೆ ಬಿಸಿ ಐತೆ, ನೀರು ಹೋಗಾಕೆ ದಾರಿ ಇಲ್ಲ ಸಾರ್” ಎಂದಳು ಒಬ್ಬಳು. ಕಿಂಡಿ ಕೊರೆದವರು ಮಕ್ಕಳೇ. ತಾಪ, ಗಾಳಿ, ಆರ್ದ್ರತೆ, ಮೇಲ್ಮೈ ವಿಸ್ತೀರ್ಣ ಎಂಬ ನಾಲ್ಕೂ ಅಂಶಗಳು ಅಲ್ಲೇ ಕಂಡವು. ಬಯಲಿನ ತುಂಡಿನ ತುದಿ ಬಿರಿದಾಗ, ಅಪ್ಪ ದಿಮ್ಮಿಯ ತುದಿಗೆ ಸಗಣಿ ಬಳಿಯುವುದೇಕೆಂದು ಆ ಹುಡುಗನೇ ತರಗತಿಗೆ ವಿವರಿಸಿದ: ನೀರು ತುದಿಯಿಂದಲೇ ಬೇಗ ಓಡಿಹೋಗುತ್ತದೆ, ಅದನ್ನು ತಡೆಯಬೇಕು.

ಪಾಠ ಮಾಡುವವರಿಗೆ ಎರಡು ಸೂಚನೆ. ತೇವಾಂಶವನ್ನು ಒಣ ಮರದ ತೂಕದ ಮೇಲೆ ಲೆಕ್ಕ ಹಾಕಿ: ಹಸಿ ತುಂಡು 150 ಗ್ರಾಂ, ಪೂರ್ತಿ ಒಣಗಿದ ಮೇಲೆ 100 ಗ್ರಾಂ ಆದರೆ ತೇವಾಂಶ ಶೇ. 50. ಒಣಗಿಸುವುದು ಬೇರೆ, ಗೆದ್ದಲು ತಡೆಯುವ ರಾಸಾಯನಿಕ ಸಂಸ್ಕರಣೆ ಬೇರೆ; ಅಂಥ ಕೆಲವು ದ್ರಾವಣಗಳಲ್ಲಿ ಆರ್ಸೆನಿಕ್ ಇರುವುದರಿಂದ ತರಗತಿಗೆ ತರಬೇಡಿ.

ಈಗ ನನ್ನ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ದ ಅಂಕಣದಡಿ ಹಿಂದಿನ ತರಗತಿಯ ಪಾಠದ ಹೆಸರಷ್ಟನ್ನೇ ಬರೆಯುವುದಿಲ್ಲ. ಮಕ್ಕಳ ಮನೆಯವರು ಏನು ಕೆಲಸ ಮಾಡುತ್ತಾರೆಂದು ಕೇಳಿ, ಅದನ್ನೂ ಬರೆಯುತ್ತೇನೆ.