ಸೊರಗಿದ ಮೃದುಹವಳಗಳು: ಮನೆಯ ಸಮುದ್ರತೊಟ್ಟಿಯಲ್ಲಿ ಅವುಗಳ ಪರೀಕ್ಷೆ ಮತ್ತು ಉಪಚಾರ

ಹವಳವೆಂದೊಡನೆ ನಮ್ಮ ಜನರಿಗೆ ನವರತ್ನಗಳಲ್ಲಿ ಒಂದಾದ ಕೆಂಪು ಮಣಿಯ ನೆನಪಾಗುವುದು ಸಹಜ. ಆ ಮಣಿಗೆ ಮೂಲವಾದ ಮೆಡಿಟರೇನಿಯನ್ ಸಮುದ್ರದ ಕೋರಾಲಿಯಂ ಎಂಬ ಪ್ರಾಣಿಸಮೂಹವು ದಿಬ್ಬಗಳನ್ನು ಕಟ್ಟುವ ಗಡುಸು ಹವಳಗಳ ವರ್ಗಕ್ಕೆ ಸೇರಿದುದಲ್ಲ. ಈ ಲೇಖನದ ವಸ್ತುವಾದ ಮೃದುಹವಳಗಳ ದಾಯಾದಿಯೇ ಅದು. ಎರಡರಲ್ಲಿಯೂ ಒಂದೊಂದು ಪಾಲಿಪಿನ ಬಾಯ ಸುತ್ತ ಎಂಟು ಗ್ರಹಣಾಂಗಗಳಿರುವುವು. ಪ್ರತಿಯೊಂದು ಗ್ರಹಣಾಂಗದ ಎರಡು ಮಗ್ಗುಲಲ್ಲಿಯೂ ಹಕ್ಕಿಯ ಗರಿಯಲ್ಲಿರುವಂತೆ ಸಣ್ಣ ಎಸಳುಗಳಿರುವುವು. ಇವುಗಳಿಗೆ ಅಷ್ಟಹವಳಗಳೆಂದು ಹೆಸರು. ಮೃದುಹವಳಗಳನ್ನು ಬಹುಕಾಲ ಅಲ್ಸಿಯೊನೇಸಿಯ ಎಂಬ ಗಣದಲ್ಲಿ ಇರಿಸಿದ್ದರು. 2022ರಲ್ಲಿ ಆನುವಂಶಿಕ ಸಾಕ್ಷ್ಯದ ಆಧಾರದ ಮೇಲೆ ಆ ಗಣವನ್ನು ಕೈಬಿಟ್ಟು, ಅಷ್ಟಹವಳಗಳನ್ನು ಮಲಾಕಲ್ಸಿಯೊನೇಸಿಯ, ಸ್ಕ್ಲೆರಾಲ್ಸಿಯೊನೇಸಿಯ ಎಂಬ ಎರಡು ಗಣಗಳಾಗಿ ವಿಂಗಡಿಸಲಾಯಿತು. ತರಗತಿಯಲ್ಲಿ ಹಳೆಯ ಪಠ್ಯಪುಸ್ತಕಗಳನ್ನೇ ನೆಚ್ಚಿರುವ ಅಧ್ಯಾಪಕರು ಇದನ್ನು ಗಮನಿಸುವುದು ಒಳ್ಳೆಯದು.

ವ್ಯಾಪಾರಿಗಳು ಮೃದುಹವಳವೆಂದು ಮಾರುವುದೆಲ್ಲವೂ ಅಷ್ಟಹವಳವಲ್ಲ. ಗುಂಡಿಗಳನ್ನು ಸಾಲಾಗಿ ಹೊಲಿದಂತೆ ಕಲ್ಲಿನ ಮೇಲೆ ಹರಡಿಕೊಳ್ಳುವ ಜೊವಾಂತಿಡ್ ಪ್ರಾಣಿಗಳು ಬೇರೆ ವರ್ಗದವು. ಅವುಗಳಲ್ಲಿ ಪ್ಯಾಲಿಥೋವ ಎಂಬ ಕುಲದ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರವಿಷವಿದೆ. 1971ರಲ್ಲಿ ಹವಾಯಿಯ ರಸಾಯನಶಾಸ್ತ್ರಜ್ಞರಾದ ಮೂರ್ ಮತ್ತು ಶೊಯರ್ ಇದನ್ನು ಪ್ರತ್ಯೇಕಿಸಿ ವರ್ಣಿಸಿದರು. ಈ ಪ್ರಾಣಿಗಳು ಅಂಟಿರುವ ಕಲ್ಲನ್ನು ಕುದಿಸುವುದು, ಬಿಸಿನೀರಿನಲ್ಲಿ ಉಜ್ಜುವುದು, ಕೈಗವಸಿಲ್ಲದೆ ಕತ್ತರಿಸುವುದು ಇವು ಮೂರನ್ನೂ ಸರ್ವಥಾ ಮಾಡಕೂಡದು. ಆವಿಯನ್ನು ಉಸಿರಾಡಿದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ನಿದರ್ಶನಗಳು ಉಂಟು. ಹವಳದ ಉಪಚಾರಕ್ಕೆ ಕೈಯಿಡುವ ಮುನ್ನ ಕೈಯಲ್ಲಿರುವ ಪ್ರಾಣಿ ಯಾವುದೆಂದು ತಿಳಿಯಬೇಕೆನ್ನುವುದು ಬರಿಯ ಪಾಂಡಿತ್ಯದ ಮಾತಲ್ಲ.

ಮೃದುಹವಳಕ್ಕೆ ಕಲ್ಲಿನಂತಹ ಅಸ್ಥಿಪಂಜರವಿಲ್ಲ. ಅದರ ಮಾಂಸದಲ್ಲಿ ಸುಣ್ಣದ ಸೂಕ್ಷ್ಮಕಂಟಕಗಳು ಹುದುಗಿದ್ದು ಸ್ವಲ್ಪಮಟ್ಟಿನ ಬಿಗಿಯನ್ನು ಕೊಡುವುವು. ಉಳಿದಂತೆ ದೇಹವನ್ನು ಎತ್ತಿ ನಿಲ್ಲಿಸುವುದು ಒಳಗೆ ತುಂಬಿದ ನೀರಿನ ಒತ್ತಡ. ತೊಟ್ಟಿಗಳಲ್ಲಿ ಅತ್ಯಂತ ಸಾಮಾನ್ಯವಾದ ಸಾರ್ಕೊಫೈಟಾನ್ ಎಂಬ ಕೊಡೆಯಾಕಾರದ ತೊಗಲುಹವಳದಲ್ಲಿ ಪಾಲಿಪುಗಳು ಎರಡು ಬಗೆ. ಗ್ರಹಣಾಂಗಗಳನ್ನು ಚಾಚಿ ಆಹಾರ ಹಿಡಿಯುವುವು ಒಂದು ಬಗೆ; ಗ್ರಹಣಾಂಗಗಳು ಕ್ಷೀಣಿಸಿ, ಸಮೂಹದೊಳಗೆ ನೀರಿನ ಸಂಚಾರವನ್ನು ನಡೆಸುವುವು ಇನ್ನೊಂದು ಬಗೆ. ಆದುದರಿಂದ ಹವಳವು ಜೋತುಬಿದ್ದಿತೆಂದರೆ ಗಿಡ ಬಾಡಿತೆಂಬಂತೆ ಭಾವಿಸಬಾರದು. ಪ್ರಾಣಿಯು ನೀರನ್ನು ಹೊರಕ್ಕೆ ಬಿಟ್ಟು ತನ್ನನ್ನು ಮುಚ್ಚಿಕೊಂಡಿದೆ ಎಂದಷ್ಟೇ ಅದರ ಅರ್ಥ. ಏಕೆ ಮುಚ್ಚಿಕೊಂಡಿತೆಂಬುದೇ ಪ್ರಶ್ನೆ.

ಇದರ ಆಹಾರದ ಬಹುಪಾಲು ಬೆಳಕಿನಿಂದ ಬರುವುದು. ಅಂಗಾಂಶದೊಳಗೆ ವಾಸಿಸುವ ಏಕಕೋಶದ ಶೈವಲಗಳು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಪದಾರ್ಥಗಳಲ್ಲಿ ದೊಡ್ಡ ಪಾಲನ್ನು ಆತಿಥೇಯನಿಗೆ ಒಪ್ಪಿಸುವುವು. 1928-29ರಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ದಿಬ್ಬಕ್ಕೆ ಹೋದ ಸಂಶೋಧನ ಯಾತ್ರೆಯ ನಾಯಕ ಮಾರಿಸ್ ಯಂಗ್ ಮತ್ತು ಅವರ ಸಹೋದ್ಯೋಗಿ ನಿಕೋಲ್ಸ್ ಲೋ ದ್ವೀಪಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಬಿಸಿಯೇರಿದಾಗಲೂ ಆಹಾರವಿಲ್ಲದೆ ಬಳಲಿದಾಗಲೂ ಹವಳಗಳು ಈ ಶೈವಲಗಳನ್ನು ಹೊರದೂಡುವುವೆಂದು ಕಂಡುಬಂದಿತು. ಇಂದು ಬಿಳಿಚುವಿಕೆ ಎಂಬ ಹೆಸರಿನಿಂದ ಲೋಕವೇ ಆತಂಕಪಡುತ್ತಿರುವ ವ್ಯಾಪಾರವನ್ನು ಅವರು ಅಷ್ಟು ಹಿಂದೆಯೇ ಗಾಜಿನ ಪಾತ್ರೆಯಲ್ಲಿ ನೋಡಿದ್ದರು. ಮನೆಯ ತೊಟ್ಟಿಯಲ್ಲಿ ಹವಳವು ಕಂದುಬಣ್ಣವನ್ನು ಕಳೆದುಕೊಂಡು ಬೆಳ್ಳಗಾಗುತ್ತಿದ್ದರೆ ಆಗುತ್ತಿರುವುದು ಇದೇ. ಮೊದಲಿನದಕ್ಕಿಂತ ಗಾಢವಾದ ಕಂದುಬಣ್ಣ ಬಂದರೆ ಬೆಳಕು ಸಾಲದೆಂದು ಸಾಮಾನ್ಯವಾಗಿ ಊಹಿಸಬಹುದು. ಎರಡು ಸಂದರ್ಭಗಳಲ್ಲಿಯೂ ಬೆಳಕನ್ನು ಥಟ್ಟನೆ ಬದಲಿಸುವುದು ತಪ್ಪು. ಶೈವಲಗಳು ಹೊಸ ಬೆಳಕಿಗೆ ಹೊಂದಿಕೊಳ್ಳಲು ವಾರಗಳೇ ಬೇಕು.

ತೊಗಲುಹವಳಕ್ಕೆ ಇನ್ನೊಂದು ಸ್ವಭಾವವಿದೆ. ಆಗಾಗ್ಗೆ ಅದು ತನ್ನ ಪಾಲಿಪುಗಳನ್ನೆಲ್ಲ ಒಳಸೇರಿಸಿ, ಮೈಮೇಲೆ ಮೇಣದಂತಹ ಹೊಳೆಯುವ ಪೊರೆಯನ್ನು ಬೆಳೆಯಿಸಿ, ಕೆಲವು ದಿನಗಳ ಬಳಿಕ ಆ ಪೊರೆಯನ್ನು ಕಳಚಿ ಮತ್ತೆ ಅರಳುವುದು. ಮೈಮೇಲೆ ನೆಲಸಿದ ಪಾಚಿ, ಕಸ, ಸೂಕ್ಷ್ಮಜೀವಿಗಳೆಲ್ಲ ಪೊರೆಯೊಡನೆ ಹೋಗುವುವು. ಹಾವು ಪೊರೆಬಿಡುವುದನ್ನು ಕಂಡ ನಮ್ಮವರಿಗೆ ಇದು ಸೋಜಿಗವಾಗಬಾರದು. ಆದರೂ ಹೊಸಬರು ಹೆದರಿ, ಹವಳವನ್ನು ಮೇಲೆತ್ತಿ ಮೂಸಿ, ಜಾಗ ಬದಲಿಸಿ, ಔಷಧ ಸುರಿಯುತ್ತಾರೆ. ಮಾಡಬೇಕಾದುದು ಒಂದೇ: ನೀರಿನ ಹರಿವನ್ನು ಸ್ವಲ್ಪ ಹೆಚ್ಚಿಸಿ ಪೊರೆಯು ತೇಲಿಹೋಗುವಂತೆ ಮಾಡಿ, ಪ್ರಾಣಿಯನ್ನು ಅದರ ಪಾಡಿಗೆ ಬಿಡುವುದು. ಇದಕ್ಕೆ ಸಾಮಾನ್ಯವಾಗಿ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುವುದು.

ಕಾಯಬೇಕೆಂಬ ಈ ಬುದ್ಧಿವಾದವನ್ನು ಹೇಳಿ ನಾನೇ ಒಮ್ಮೆ ಕೆಟ್ಟೆನಾದುದರಿಂದ ಆ ಸಂಗತಿಯನ್ನು ಇಲ್ಲಿ ವಿವರಿಸುವುದು ಉಚಿತ. ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಓದಿ ಹೋದ ಒಬ್ಬರು ಬೆಂಗಳೂರಿನ ತಮ್ಮ ಮನೆಯಲ್ಲಿ ಇನ್ನೂರು ಲೀಟರಿನ ತೊಟ್ಟಿಯೊಂದನ್ನು ಇರಿಸಿದ್ದರು. ಏಪ್ರಿಲ್ ತಿಂಗಳಿನಲ್ಲಿ ಅವರ ತೊಗಲುಹವಳ ಮುಚ್ಚಿಕೊಂಡಿತು. ನಾನು ಹೋಗಿ ನೋಡಿದೆ. ಮೈಮೇಲೆ ಪೊರೆಯ ಹೊಳಪು ಸ್ಪಷ್ಟವಾಗಿತ್ತು. ನೀರಿನ ಸಾಪೇಕ್ಷ ಸಾಂದ್ರತೆ ಎಷ್ಟೆಂದು ಕೇಳಿದೆ. ಅವರು ತಮ್ಮ ಮುಳ್ಳಿನ ಹೈಡ್ರಾಮೀಟರನ್ನು ಮುಳುಗಿಸಿ 1.025 ಎಂದು ತೋರಿಸಿದರು. ‘ಪೊರೆ ಬಿಡುತ್ತಿದೆ, ಎರಡು ವಾರ ಮುಟ್ಟಬೇಡಿ’ ಎಂದು ಹೇಳಿ ಬಂದೆ. ಎರಡು ವಾರದ ಮೇಲೆ ಕರೆ ಬಂದಾಗ ಹವಳದ ಬುಡ ಕಪ್ಪಾಗಿ ಕರಗತೊಡಗಿತ್ತು.

ನಡೆದುದು ಇಷ್ಟು. ಬೇಸಿಗೆಯ ಸೆಕೆಗೆಂದು ಅವರು ತೊಟ್ಟಿಯ ಮೇಲೆ ಫ್ಯಾನ್ ಇರಿಸಿದ್ದರು. ಫ್ಯಾನಿನ ಗಾಳಿಗೆ ನೀರು ಎರಡು ಮೂರು ಡಿಗ್ರಿ ತಣ್ಣಗಾಗುವುದು ನಿಜ. ಆದರೆ ದಿನಕ್ಕೆ ಸುಮಾರು ಎರಡು ಲೀಟರ್ ನೀರು ಆವಿಯಾಗಿ ಹೋಗುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಅವರು ಪ್ರತಿದಿನವೂ ಕಡಮೆಯಾದಷ್ಟನ್ನು ಉಪ್ಪುನೀರಿನಿಂದಲೇ ತುಂಬುತ್ತಿದ್ದರು. ಲೀಟರಿಗೆ 35 ಗ್ರಾಂ ಉಪ್ಪಿನಂತೆ ದಿನಕ್ಕೆ 70 ಗ್ರಾಂ. ಹದಿನಾಲ್ಕು ದಿನಕ್ಕೆ 980 ಗ್ರಾಂ. ಇನ್ನೂರು ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 5 ಗ್ರಾಂ ಏರಿಕೆ. ನಮ್ಮ ಪ್ರಯೋಗಶಾಲೆಯ ವಕ್ರೀಭವನಮಾಪಕದಲ್ಲಿ ನೋಡಿದಾಗ ಲವಣಾಂಶ ಸಾವಿರಕ್ಕೆ 40, ಅಂದರೆ ಸಾಂದ್ರತೆ 1.030 ಇತ್ತು. ಅವರ ಹೈಡ್ರಾಮೀಟರ್ ಆಗಲೂ 1.025 ಎಂದೇ ತೋರಿಸುತ್ತಿತ್ತು! ಅದರ ಮುಳ್ಳಿನ ಮೇಲೆ ಸುಣ್ಣದ ಹಕ್ಕಳೆ ಕಟ್ಟಿ, ಭಾರಕ್ಕೆ ಮುಳ್ಳು ಮೇಲೇಳದಂತಾಗಿತ್ತು. ಮೊದಲ ದಿನ ಹವಳವು ಪೊರೆಗಾಗಿಯೇ ಮುಚ್ಚಿಕೊಂಡಿದ್ದಿರಬಹುದು. ಅದು ಮತ್ತೆ ಅರಳದಂತೆ ಮಾಡಿದುದು ಉಪ್ಪು. ಆ ಎರಡು ವಾರವನ್ನು ಉಪ್ಪಿಗೆ ಒದಗಿಸಿಕೊಟ್ಟುದು ನನ್ನ ಸಲಹೆ. ನಾನು ಅಳತೆಯನ್ನು ಕೇಳಿದೆನೇ ಹೊರತು ಅಳೆಯಲಿಲ್ಲ. ಆವಿಯಾದ ನೀರನ್ನು ಯಾವುದರಿಂದ ತುಂಬುತ್ತೀರೆಂದು ಕೇಳಲೇ ಇಲ್ಲ.

ಅಂದಿನಿಂದ ನಾನು ಅನುಸರಿಸುವ ಕ್ರಮದಲ್ಲಿ ಉಪ್ಪಿಗೆ ಮೊದಲ ಸ್ಥಾನ. ಸಾವಿರಕ್ಕೆ 35 ಗುರಿಯಾಗಿರಬೇಕು. ಮಾಪಕವನ್ನು ಬರಿಯ ಶುದ್ಧಜಲದಿಂದಲ್ಲದೆ 35ರ ಪ್ರಮಾಣದ್ರಾವಣದಿಂದ ಸರಿಮಾಡಿಕೊಳ್ಳಬೇಕು. ಅನಂತರ ಉಷ್ಣತೆ: 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗೆ ಸ್ಥಿರವಾಗಿರುವುದು ಮೇಲು. ಕ್ಷಾರತೆಯ ಏರಿಳಿತವನ್ನೂ ನೋಡಬೇಕು. ನಲ್ಲಿಯ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ನೇರವಾಗಿ ಬಳಸುವುದು ಅಪಾಯಕರ. ಕ್ಲೋರಿನ್, ನೈಟ್ರೇಟ್, ಕೊಳವೆಗಳಿಂದ ಬರುವ ತಾಮ್ರ ಇವುಗಳಲ್ಲಿ ಯಾವುದಾದರೂ ಅದರೊಡನೆ ಬರಬಹುದು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧವಂತೂ ಹವಳಕ್ಕೆ ವಿಷವೇ ಸರಿ.

ನೀರು ಅತಿಯಾಗಿ ಶುದ್ಧವಾಗಿರುವುದೂ ಒಂದು ಕಾಯಿಲೆಯೆಂದರೆ ಹಲವರು ನಂಬುವುದಿಲ್ಲ. ನೊರೆ ತೆಗೆಯುವ ಯಂತ್ರ, ಫಾಸ್ಫೇಟ್ ಹೀರುವ ಪುಡಿ, ವಾರವಾರ ನೀರಿನ ಬದಲಾವಣೆ ಎಲ್ಲವನ್ನೂ ನಡೆಸಿ ನೈಟ್ರೇಟನ್ನೂ ಫಾಸ್ಫೇಟನ್ನೂ ಸೊನ್ನೆಗಿಳಿಸಿದ ತೊಟ್ಟಿಗಳಲ್ಲಿ ಮೃದುಹವಳಗಳು ಕುಗ್ಗಿ ಬಿಳಿಚಿಕೊಳ್ಳುವುದನ್ನು ನಾನು ನೋಡಿದ್ದೇನೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ವೀಡನ್‌ಮನ್ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾರಜನಕವು ಹೇರಳವಾಗಿದ್ದು ಫಾಸ್ಫೇಟಿನ ಕೊರತೆಯಿದ್ದರೆ ಹವಳಗಳು ಶಾಖಕ್ಕೂ ಬೆಳಕಿಗೂ ಸುಲಭವಾಗಿ ಬಿಳಿಚಿಕೊಳ್ಳುವುವೆಂದು ತೋರಿಬಂದಿತು. ಅವರು ಪರೀಕ್ಷಿಸಿದುದು ಗಡುಸು ಹವಳಗಳನ್ನು. ಆದರೆ ಒಳಗಿನ ಶೈವಲಗಳ ಹಸಿವು ಎರಡರಲ್ಲಿಯೂ ಒಂದೇ ಬಗೆಯದು. ಲೀಟರಿಗೆ 2ರಿಂದ 10 ಮಿಲಿಗ್ರಾಂ ನೈಟ್ರೇಟ್, 0.03ರಿಂದ 0.1 ಮಿಲಿಗ್ರಾಂ ಫಾಸ್ಫೇಟ್ ಇರುವ ತೊಟ್ಟಿಗಳಲ್ಲಿ ಇವು ಚೆನ್ನಾಗಿ ಬೆಳೆಯುವುದು ಅನುಭವಸಿದ್ಧ.

ನೆರೆಹೊರೆಯ ವಿಚಾರ ಇನ್ನೂ ಸ್ವಾರಸ್ಯವಾದುದು. ಕುಟುಕುವುದರಲ್ಲಿ ದುರ್ಬಲವಾದ ಮೃದುಹವಳಗಳು ರಾಸಾಯನಿಕ ಯುದ್ಧದಲ್ಲಿ ನಿಪುಣ. ಕೆಂಪು ಸಮುದ್ರದ ಸಾರ್ಕೊಫೈಟಾನಿನಿಂದ ಸಾರ್ಕೊಫೈನ್ ಎಂಬ ಟರ್ಪೀನ್ ಜಾತಿಯ ವಸ್ತುವನ್ನು ಪ್ರತ್ಯೇಕಿಸಿದ ವರದಿ 1974ರಲ್ಲಿ ಬಂದಿತು. ಮೃದುಹವಳಗಳ ನೆರೆಯಲ್ಲಿ ಗಡುಸು ಹವಳಗಳ ಬೆಳವಣಿಗೆ ಕುಂದುವುದನ್ನೂ ಅಂಗಾಂಶ ಸಾಯುವುದನ್ನೂ ಸಮ್ಮಾರ್ಕೊ, ಕಾಲ್ ಮೊದಲಾದವರು 1983ರಲ್ಲಿ ಆಸ್ಟ್ರೇಲಿಯದ ದಿಬ್ಬಗಳಲ್ಲಿ ಪ್ರಯೋಗಮಾಡಿ ತೋರಿಸಿದರು. ಸಮುದ್ರದಲ್ಲಿ ಈ ವಸ್ತುಗಳನ್ನು ಅಲೆಗಳು ಕೊಂಡೊಯ್ಯುವುವು. ಇನ್ನೂರು ಲೀಟರಿನಲ್ಲಿ ಅವು ಎಲ್ಲಿಗೆ ಹೋಗಬೇಕು? ನಾಲ್ಕಾರು ಜಾತಿಗಳನ್ನು ಒತ್ತೊತ್ತಾಗಿ ಕೂರಿಸಿದ ತೊಟ್ಟಿಯಲ್ಲಿ ಕಾರಣ ತಿಳಿಯದ ಸೊರಗುವಿಕೆ ಕಂಡರೆ, ಸಕ್ರಿಯ ಇದ್ದಿಲಿನ ಚೀಲವನ್ನು ಇಟ್ಟು, ಕೆಲವು ವಾರಗಳಿಗೊಮ್ಮೆ ಬದಲಿಸುತ್ತ, ಹವಳಗಳ ನಡುವೆ ಅಂತರ ಕೊಡುವುದು ಸುಲಭವಾದ ಮತ್ತು ನಿರಪಾಯಕರವಾದ ಉಪಾಯ.

ಮೇಲೆ ಹೇಳಿದ ತೊಟ್ಟಿಯಲ್ಲಿ ನಾವು ಮಾಡಿದುದು ಹೀಗೆ. ದಿನಕ್ಕೆ ಐದು ಲೀಟರ್ ತೊಟ್ಟಿಯ ನೀರನ್ನು ತೆಗೆದು ಅಷ್ಟೇ ಶುದ್ಧ ಸಿಹಿನೀರನ್ನು ನಿಧಾನವಾಗಿ ಸೇರಿಸಿದೆವು; ಇದರಿಂದ ಲವಣಾಂಶವು ದಿನಕ್ಕೆ ಸಾವಿರಕ್ಕೆ ಒಂದರಂತೆ ಇಳಿಯಿತು. ಒಂದೇ ದಿನದಲ್ಲಿ ಇಳಿಸಿದ್ದರೆ ಜೀವಕೋಶಗಳಿಗೆ ಎರಡನೆಯ ಪೆಟ್ಟು ಬೀಳುತ್ತಿತ್ತು. ಆದರೆ ಕೊಳೆಯುವ ಭಾಗವನ್ನು ಐದು ದಿನ ಬಿಡುವಂತಿರಲಿಲ್ಲ. ಮೊದಲ ದಿನವೇ ಹವಳವನ್ನು ತೊಟ್ಟಿಯ ನೀರು ತುಂಬಿದ ಬೋಗುಣಿಗೆ ತೆಗೆದು, ಹೊಸ ಅಲಗಿನಿಂದ, ಕಪ್ಪು ಮೃದುಭಾಗಕ್ಕಿಂತ ಒಂದು ಅಂಗುಲ ಮೇಲೆ, ಗಟ್ಟಿಯಾದ ಮಾಂಸದಲ್ಲಿ ಕತ್ತರಿಸಿದೆವು. ತೊಟ್ಟಿಯೊಳಗೇ ಕತ್ತರಿಸಿದರೆ ಲೋಳೆಯೂ ವಿಷವೂ ಉಳಿದ ಪ್ರಾಣಿಗಳ ಮೇಲೆ ಹೋಗುವುವು. ಉಳಿದ ಕೊಡೆಯ ಭಾಗವನ್ನು ಬೇರೊಂದು ಬೋಗುಣಿಯಲ್ಲಿ, ಹನಿ ಅಯೋಡಿನ್ ಬೆರೆಸಿ ತಿಳಿಚಹದ ಬಣ್ಣಕ್ಕೆ ತಂದ ತೊಟ್ಟಿಯ ನೀರಿನಲ್ಲಿ ಕೆಲವು ನಿಮಿಷ ಅದ್ದಿ, ತೊಳೆದು, ಸಣ್ಣ ಕಲ್ಲಿಗೆ ಬಲೆಬಟ್ಟೆಯಿಂದ ಸಡಿಲವಾಗಿ ಬಿಗಿದೆವು. ಅಂಟು ಈ ಲೋಳೆಯ ಮೈಗೆ ಹಿಡಿಯುವುದಿಲ್ಲ. ಕಡಮೆ ಬೆಳಕು, ಮಧ್ಯಮ ಹರಿವು ಇರುವ ಮೂಲೆಯಲ್ಲಿಟ್ಟು ಆಮೇಲೆ ಮುಟ್ಟಲಿಲ್ಲ.

ಎಲ್ಲ ಮೃದುಹವಳಗಳೂ ಇಷ್ಟು ಗಟ್ಟಿಜೀವಗಳಲ್ಲ. ಕೈಬೆರಳುಗಳನ್ನು ಮುಚ್ಚಿ ತೆರೆದಂತೆ ಸದಾ ಮಿಡಿಯುವ ಜೀನಿಯ ವಂಶದವು ಒಂದೇ ರಾತ್ರಿಯಲ್ಲಿ ಕರಗಿಹೋಗುವುದುಂಟು. ಆ ಮಿಡಿತ ಅಲಂಕಾರಕ್ಕಲ್ಲ. ಅಂಗಾಂಶದ ಸುತ್ತ ಶೇಖರವಾಗುವ ಆಮ್ಲಜನಕವನ್ನು ಸರಿಸಿ ದ್ಯುತಿಸಂಶ್ಲೇಷಣೆಯನ್ನು ಹೆಚ್ಚಿಸುವುದು ಅದರ ಪ್ರಯೋಜನವೆಂದು ಕೆಂಪು ಸಮುದ್ರದ ಒಂದು ಜಾತಿಯ ಮೇಲೆ ನಡೆದ ಅಧ್ಯಯನ 2013ರಲ್ಲಿ ತಿಳಿಸಿತು. ಮಿಡಿತ ನಿಂತಿತೆಂದರೆ ಅದೇ ದಿನ ನೀರನ್ನು ಪರೀಕ್ಷಿಸಬೇಕು. ಕೆಂಪು, ಕಿತ್ತಳೆ ಬಣ್ಣಗಳಿಂದ ಕಣ್ಸೆಳೆಯುವ ಡೆಂಡ್ರೊನೆಫ್ತಿಯದಲ್ಲಿ ಶೈವಲಗಳೇ ಇಲ್ಲ. ಹರಿವಿನಲ್ಲಿ ಬರುವ ಸೂಕ್ಷ್ಮಾಹಾರವೇ ಅದರ ಜೀವನ. ಅದನ್ನು ಮನೆಯಲ್ಲಿ ಸಾಕಹೊರಟವರು ಬಹುತೇಕ ಅದು ನಿಧಾನವಾಗಿ ಉಪವಾಸಬಿದ್ದು ಸಾಯುವುದನ್ನು ನೋಡುತ್ತಾರೆ. ಕೊಳ್ಳದಿರುವುದೇ ಅದಕ್ಕೆ ಮಾಡಬಹುದಾದ ಉಪಚಾರ.

ಕೊಳ್ಳುವ ವಿಷಯದಲ್ಲಿ ಕಾನೂನನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಡುಸು ಹವಳಗಳೆಲ್ಲವನ್ನೂ, ಕಪ್ಪು ಹವಳ, ಬೆಂಕಿಹವಳಗಳನ್ನೂ, ಅಷ್ಟಹವಳಗಳೇ ಆದ ಕೊಳವೆಹವಳ, ಕಡಲಬೀಸಣಿಗೆಗಳನ್ನೂ ಸೇರಿಸಲಾಯಿತು. ನೇತ್ರಾಣಿಯಲ್ಲಾಗಲಿ ಲಕ್ಷದ್ವೀಪದಲ್ಲಾಗಲಿ ಮುಳುಗಿ ತುಂಡೊಂದನ್ನು ತರುವ ಉತ್ಸಾಹ ವಿದ್ಯಾರ್ಥಿಗಳಿಗೆ ಬೇಡ. ತೊಟ್ಟಿಯಲ್ಲಿಯೇ ಕತ್ತರಿಸಿ ಬೆಳೆಸಿದ ತೊಗಲುಹವಳದ ತುಂಡುಗಳು ಸಾಕುವವರ ನಡುವೆ ಕೈಬದಲಾಗುತ್ತಲೇ ಇರುವುವು. ಹೊಸ ನೀರಿಗೆ ಅವು ಹೆಚ್ಚು ಸುಲಭವಾಗಿ ಹೊಂದಿಕೊಳ್ಳುವುವು.

ಏಪ್ರಿಲ್ಲಿನಲ್ಲಿ ಕತ್ತರಿಸಿದ ಆ ಕೊಡೆಯು ಮೂರು ವಾರಗಳಲ್ಲಿ ಕಲ್ಲಿಗೆ ಕಚ್ಚಿಕೊಂಡಿತು. ಜುಲೈ ತಿಂಗಳ ನಡುವೆ ಅದರ ಒಂದು ಅಂಚಿನಲ್ಲಿ ಪಾಲಿಪುಗಳು ಹೊರಬಂದುವು. ಇನ್ನೊಂದು ಅಂಚು ಅರಳಲು ಮತ್ತೂ ಒಂದು ತಿಂಗಳು ಹಿಡಿಯಿತು. ಮನೆಯವರು ಈಗ ಹೈಡ್ರಾಮೀಟರನ್ನು ಬಿಟ್ಟು ವಕ್ರೀಭವನಮಾಪಕವನ್ನು ಇಟ್ಟುಕೊಂಡಿದ್ದಾರೆ. ತೊಟ್ಟಿಯ ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದು, ಆ ಗೆರೆಯವರೆಗೆ ಸಿಹಿನೀರನ್ನೇ ತುಂಬುತ್ತಾರೆ.