ಕೊಟ್ಟಿಗೆಯ ಹಳೆ ಫಿಯೆಟ್‌ಗೆ ರೇಸ್ ಬಣ್ಣ ಹೊಡೆಸ್ತೀರಾ? ಮೊದಲು ಚೆಸ್ಸಿ ನಂಬರ್ ನೋಡಿ

ಶಿರಸಿ: ಅಡಿಕೆ ಅಂಗಳದ ಮೂಲೆಯಲ್ಲೋ, ಪೇಟೆ ಮನೆಯ ಹಿಂದಿನ ಶೆಡ್ಡಿನಲ್ಲೋ ತಾಡಪಾಲು ಹೊದ್ದು ನಿಂತ ಹಳೆ ಫಿಯೆಟ್ ಕಾರುಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಇನ್ನೂ ಅಲ್ಲೊಂದು ಇಲ್ಲೊಂದು ಇವೆ. ಅಜ್ಜನ ಕಾಲದ್ದು. ಮಾರೋಕೆ ಮನಸ್ಸಿಲ್ಲ, ಓಡಿಸೋಕೆ ಆಗೋದಿಲ್ಲ. ಬೆಂಗಳೂರಿಂದ ಬಂದ ಮೊಮ್ಮಗ ಮೊಬೈಲಿನಲ್ಲಿ ಫೋಟೊ ತೋರಿಸಿ, ಕೆಂಪು ಬಣ್ಣ ಹೊಡೆಸೋಣ, ಬಿಳಿ ಪಟ್ಟಿ ಎಳೆಸೋಣ, ಬಾಗಿಲ ಮೇಲೆ ದುಂಡಗೆ ಒಂದು ನಂಬರ್ ಬರೆಸೋಣ, ರೇಸ್ ಕಾರಿನ ಥರ ಆಗುತ್ತೆ ಅಂತಾನೆ. ಪೇಂಟರ್ ಕೂಡ ರೆಡಿ ಇರ್ತಾನೆ.

ಮೊಮ್ಮಗನ ಆಸೆಯಲ್ಲಿ ತಪ್ಪೇನಿಲ್ಲ. ನಮ್ಮ ಪ್ರೀಮಿಯರ್ ಪದ್ಮಿನಿ ಅಂದ್ರೆ ಬೇರೆ ಯಾವುದೂ ಅಲ್ಲ, ಇಟಲಿಯ ಫಿಯೆಟ್ 1100. ಮುಂಬೈಯಲ್ಲಿ ತಯಾರಾಗಿ, 1974ರಿಂದ ಪದ್ಮಿನಿ ಅಂತ ಹೆಸರು ಪಡೆದದ್ದು ಅಷ್ಟೇ. ಇದೇ 1100ರ ವಂಶದ ಕಾರುಗಳು 1950ರ ದಶಕದಲ್ಲಿ ಇಟಲಿಯ ಪ್ರಸಿದ್ಧ ರಸ್ತೆ ರೇಸ್ 'ಮಿಲ್ಲೆ ಮಿಲ್ಯಾ'ದಲ್ಲಿ ಓಡಿವೆ. ಹಾಗಂತ ಕೊಟ್ಟಿಗೆಯಲ್ಲಿರೋದು ರೇಸ್ ಕಾರು ಆಗೋದಿಲ್ಲ. ಯಾವುದು ನಿಜವಾಗಿ ರೇಸ್ ಓಡಿದ್ದು, ಯಾವುದು ಬರೀ ಬಣ್ಣ ಬಳಿದುಕೊಂಡದ್ದು ಅಂತ ಪತ್ತೆ ಮಾಡೋದೇ ಜಗತ್ತಿನಲ್ಲಿ ಒಂದು ದೊಡ್ಡ ವಿದ್ಯೆಯಾಗಿ ಬೆಳೆದಿದೆ. ಅದನ್ನ ಸ್ವಲ್ಪ ತಿಳಿದುಕೊಂಡ್ರೆ ನಮ್ಮ ಕೊಟ್ಟಿಗೆ ಕಾರಿಗೂ ಲಾಭ ಇದೆ. ಯಾಕೆ ಅನ್ನೋದು ಮುಂದೆ ಬರುತ್ತೆ.

ಮಿಲ್ಲೆ ಮಿಲ್ಯಾ ಅಂದ್ರೆ ಸಾವಿರ ಮೈಲಿ. 1927ರಿಂದ 1957ರವರೆಗೆ ನಡೆದ ಈ ರೇಸ್‌ಗೆ ಟ್ರ್ಯಾಕ್ ಗೀಕ್ ಏನೂ ಇರಲಿಲ್ಲ. ಬ್ರೆಷಿಯಾ ಊರಿಂದ ಹೊರಟು ರೋಮ್ ಮುಟ್ಟಿ ವಾಪಸ್ ಬ್ರೆಷಿಯಾಕ್ಕೆ ಬರಬೇಕು, ಸುಮಾರು 1,600 ಕಿ.ಮೀ., ಎಲ್ಲಾ ಮಾಮೂಲಿ ರಸ್ತೆ. ಪೇಟೆ, ಹಳ್ಳಿ, ಘಟ್ಟ, ಸೇತುವೆ. ದೇವಿಮನೆ ಘಟ್ಟದ ತಿರುವಿನಲ್ಲಿ ರೇಸ್ ಬಿಟ್ಟ ಹಾಗೆ ಅಂದ್ಕೊಳ್ಳಿ. ಕಾರುಗಳನ್ನ ಒಟ್ಟಿಗೆ ಬಿಡೋದಿಲ್ಲ, ಒಂದೊಂದಾಗಿ ಬಿಡ್ತಾರೆ. ಹೊರಟ ಸಮಯವೇ ಕಾರಿನ ನಂಬರ್. 1955ರಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಮೇಲೆ 722 ಅಂತ ಇತ್ತು. ಅಂದ್ರೆ ಬೆಳಗ್ಗೆ 7 ಗಂಟೆ 22 ನಿಮಿಷಕ್ಕೆ ಹೊರಟದ್ದು. ಎರಡನೇ ಸ್ಥಾನ ಬಂದ ಫ್ಯಾಂಜಿಯೊ ಕಾರಿಗೆ 658. ಮಾಸ್ 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಪೂರ್ತಿ ಸುತ್ತು ಮುಗಿಸಿದ, ಸರಾಸರಿ ವೇಗ ಗಂಟೆಗೆ 157 ಕಿ.ಮೀ. ಪಕ್ಕದಲ್ಲಿ ಕೂತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್‌ಸನ್ ರಸ್ತೆಯ ತಿರುವುಗಳನ್ನೆಲ್ಲ ಮೊದಲೇ ಬರೆದು, ಉದ್ದದ ಕಾಗದದ ಸುರುಳಿ ಮಾಡಿಕೊಂಡು, ಡಬ್ಬಿಯಲ್ಲಿ ಸುತ್ತುತ್ತಾ ಕೈ ಸನ್ನೆಯಲ್ಲಿ ಹೇಳ್ತಿದ್ದ. ಎರಡೇ ವರ್ಷಕ್ಕೆ, 1957ರಲ್ಲಿ, ಒಂದು ಫೆರಾರಿ ಜನರ ಮೇಲೆ ನುಗ್ಗಿ 9 ಪ್ರೇಕ್ಷಕರು ಸತ್ತರು. ಕಾರಿನಲ್ಲಿದ್ದ ಇಬ್ಬರೂ ಉಳಿಯಲಿಲ್ಲ. ಅಲ್ಲಿಗೆ ಆ ರೇಸ್ ನಿಂತಿತು.

ಈ ನಂಬರಿನ ಗುಟ್ಟು ಗೊತ್ತಿದ್ರೆ ಅರ್ಧ ಕೆಲಸ ಆದ ಹಾಗೆ. ಹಳೆ ಫೋಟೊದಲ್ಲಿ ಮೂರಂಕಿ ನಂಬರ್ ಕಂಡ್ರೆ, ಆ ವರ್ಷದ ಸ್ಟಾರ್ಟ್ ಪಟ್ಟಿ ತೆಗೆದು ಯಾರ ಕಾರು ಅಂತ ಹೇಳಬಹುದು. ಆದರೆ ನಂಬರ್ ರೇಸಿಂದ ರೇಸಿಗೆ ಬದಲಾಗುತ್ತೆ, ಕಾರಿಗೆ ಅಂಟಿಕೊಂಡಿರೋದಿಲ್ಲ. ಬಣ್ಣವೂ ಅಷ್ಟೇ.

ಬಣ್ಣದ ಕಥೆ ಯಕ್ಷಗಾನ ನೋಡಿದವರಿಗೆ ಬೇಗ ಅರ್ಥ ಆಗುತ್ತೆ. ಬಣ್ಣದ ವೇಷ ರಂಗಕ್ಕೆ ಬಂದ್ರೆ ಮಾತು ಶುರುವಾಗೋ ಮೊದಲೇ ರಾಕ್ಷಸ ಅಂತ ಗೊತ್ತಾಗುತ್ತೆ. ರೇಸಿನಲ್ಲೂ ಹಾಗೇ, ದೇಶಕ್ಕೊಂದು ಬಣ್ಣ. ಇಟಲಿಗೆ ಕೆಂಪು, ಫ್ರಾನ್ಸ್‌ಗೆ ನೀಲಿ, ಜರ್ಮನಿಗೆ ಬಿಳಿ, ಬ್ರಿಟನ್‌ಗೆ ಹಸಿರು. ಬ್ರಿಟನ್ನಿನ ರಸ್ತೆಯಲ್ಲಿ ರೇಸ್ ಮಾಡೋಕೆ ಕಾನೂನು ಬಿಡದ ಕಾರಣ 1903ರ ಗಾರ್ಡನ್ ಬೆನೆಟ್ ಕಪ್ ಐರ್ಲೆಂಡಿನಲ್ಲಿ ನಡೀತು. ಬ್ರಿಟಿಷ್ ಕಾರುಗಳ ಹಸಿರಿನ ಕಥೆ ಅಲ್ಲಿಗೆ ಹೋಗುತ್ತೆ. ಹಾಗಂತ ಬಣ್ಣ ನೋಡಿ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. 1924ರಲ್ಲಿ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೊ ಗೆದ್ದ ಮರ್ಸಿಡಿಸ್ ಜರ್ಮನಿಯದ್ದೇ ಆದರೂ ಕೆಂಪು ಬಣ್ಣ ಹೊಡೆದುಕೊಂಡು ಬಂದಿತ್ತು.

ಜರ್ಮನಿಯ ಬಿಳಿ ಬಣ್ಣ ಬೆಳ್ಳಿ ಬಣ್ಣ ಆದದ್ದಕ್ಕೆ ಒಂದು ಚಂದದ ಕಥೆ ಇದೆ. 1934ರ ಜೂನ್‌ನಲ್ಲಿ ಐಫೆಲ್ ರೇಸಿನ ಹಿಂದಿನ ದಿನ ತೂಕ ಮಾಡಿದ್ರೆ ಮರ್ಸಿಡಿಸ್ 751 ಕೆ.ಜಿ. ಇತ್ತಂತೆ. ನಿಯಮ 750 ಕೆ.ಜಿ. ರಾತ್ರಿಯಿಡೀ ಕೂತು ಬಿಳಿ ಬಣ್ಣ ಕೆರೆದು ಒಂದು ಕೆ.ಜಿ. ಇಳಿಸಿದರು, ಒಳಗಿನ ತಗಡು ಬೆಳ್ಳಿಯ ಹಾಗೆ ಹೊಳೀತು, ಅಲ್ಲಿಂದ 'ಬೆಳ್ಳಿ ಬಾಣ' ಅಂತ ಹೆಸರು ಬಂತು ಅಂತ ತಂಡದ ಮ್ಯಾನೇಜರ್ ನಾಯ್‌ಬಾವರ್ ಬರೆದುಕೊಂಡ. ದಶಕಗಟ್ಟಲೆ ಎಲ್ಲರೂ ನಂಬಿದರು. ಕೊನೆಗೆ ಸಂಶೋಧಕರು ಕೂತು ಹಳೆ ದಾಖಲೆ ತೆಗೆದಾಗ, ಆ ರೇಸಿಗೆ 750 ಕೆ.ಜಿ. ನಿಯಮವೇ ಲಾಗೂ ಇರಲಿಲ್ಲ ಅಂತ ಹೊರಬಂತು. ಅದಕ್ಕೂ ಎರಡು ವರ್ಷ ಮೊದಲು, 1932ರಲ್ಲೇ, ಬೆರ್ಲಿನ್ನಿನ ಆವುಸ್‌ನಲ್ಲಿ ಬೆಳ್ಳಿ ಬಣ್ಣದ ಮರ್ಸಿಡಿಸ್ ಓಡಿತ್ತು. ಹೇಳಿದವನು ಸ್ವತಃ ತಂಡದ ಮ್ಯಾನೇಜರ್! ಕಣ್ಣಾರೆ ಕಂಡವರ ಮಾತಿಗೂ ಕಾಗದದ ಸಾಕ್ಷಿ ಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಸಿಗಲಿಕ್ಕಿಲ್ಲ.

1968ರಿಂದ ಕಂಪನಿ ಜಾಹೀರಾತಿನ ಬಣ್ಣ ಬಂತು. ಗಲ್ಫ್ ಎಣ್ಣೆ ಕಂಪನಿಯ ತಿಳಿನೀಲಿ ಮತ್ತು ಕಿತ್ತಳೆ ಬಣ್ಣದ ಫೋರ್ಡ್ ಜಿಟಿ40, ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸನ್ನ 1968 ಮತ್ತು 1969ರಲ್ಲಿ ಗೆದ್ದಿತು. ಮೊದಲ ವರ್ಷ ನಂಬರ್ 9, ಎರಡನೇ ವರ್ಷ 6. ಫೋಟೊ ನೋಡಿದವರು ಎರಡು ಬೇರೆ ಕಾರು ಅಂದ್ಕೊಳ್ತಾರೆ. ಆದರೆ ಎರಡೂ ಸಲ ಗೆದ್ದದ್ದು ಒಂದೇ ಕಾರು, ಚೆಸ್ಸಿ ನಂಬರ್ 1075. ಇವತ್ತು ಅದೇ ನೀಲಿ-ಕಿತ್ತಳೆ ಬಣ್ಣ ಹೊಡೆದ ನಕಲು ಕಾರುಗಳು ಬೇಕಾದಷ್ಟು ಸಿಗುತ್ತವೆ. 1075 ಮಾತ್ರ ಒಂದೇ.

ಹಾಗಾಗಿ ಹುಡುಕೋರು ಮೊದಲು ಬಗ್ಗಿ ನೋಡೋದು ಚೆಸ್ಸಿ ಮೇಲೆ ಕುಟ್ಟಿದ ನಂಬರ್. ನಮ್ಮಲ್ಲೂ ಆರ್‌ಟಿಒ ಕೆಲಸಕ್ಕೆ, ಫೈನಾನ್ಸ್‌ಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರಲ್ಲ, ಅದೇ. ಅಂಕಿಗಳ ಸಾಲು ಸೊಟ್ಟ ಇದೆಯಾ, ಸುತ್ತ ಗ್ರೈಂಡರ್ ಆಡಿಸಿದ ಗುರುತಿದೆಯಾ, ಪಕ್ಕದಲ್ಲಿ ಹೊಸ ವೆಲ್ಡಿಂಗ್ ಇದೆಯಾ ಅಂತ ನೋಡ್ತಾರೆ. ಆಮೇಲೆ ಇಂಜಿನ್ ನಂಬರ್. ಇವೆರಡೂ ಕಂಪನಿಯ ಹಳೆ ಲೆಡ್ಜರಿಗೆ ತಾಳೆ ಆಗಬೇಕು.

ಮೂಲ ಬಣ್ಣ ತಿಳಿಯೋಕೆ ಯಾರೂ ಬಾನೆಟ್ ನೋಡೋದಿಲ್ಲ. ಬಾಗಿಲ ರಬ್ಬರ್ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದೆ, ಪೇಂಟರ್ ಕೈ ಹೋಗದ ಸಂದಿಯಲ್ಲಿ ಹುಡುಕ್ತಾರೆ. ಅಲ್ಲಿ ನುಣುಪು ಕಾಗದದಲ್ಲಿ ಮೆಲ್ಲಗೆ ಉಜ್ಜಿದ್ರೆ ಈರುಳ್ಳಿ ಕೊಯ್ದಂತೆ ಒಂದರೊಳಗೊಂದು ಬಣ್ಣದ ಬಳೆ ಕಾಣುತ್ತೆ. ಎಲ್ಲಕ್ಕಿಂತ ಒಳಗಿನದ್ದು ಕಾರ್ಖಾನೆಯ ಬಣ್ಣ. ಬಾಗಿಲು ಬೇರೆ ಕಾರಿಂದ ತಂದು ಕೂರಿಸಿದ್ರೆ ಅಲ್ಲಿ ಬಳೆಗಳ ಲೆಕ್ಕ ತಪ್ಪುತ್ತೆ, ಆಗ ಅದೂ ಒಂದು ಸುಳಿವು.

ಕಪ್ಪು-ಬಿಳಿ ಫೋಟೊ ವಿಷಯದಲ್ಲಿ ಹುಷಾರು. ಹಳೆ ಕಾಲದ ಕೆಲವು ಫಿಲ್ಮ್‌ಗಳಿಗೆ ಕೆಂಪು ಬಣ್ಣ ಕಾಣ್ತಾನೇ ಇರಲಿಲ್ಲ, ಕೆಂಪು ಕಾರು ಕಪ್ಪಾಗಿ, ನೀಲಿ ಕಾರು ಬೆಳ್ಳಗೆ ಬರ್ತಿತ್ತು. ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ರೆ ಎಡಗಡೆಯ ಸ್ಟೀರಿಂಗ್ ಬಲಕ್ಕೆ ಹೋಗುತ್ತೆ. ಹಿಂದೆ ಕಾಣೋ ಅಂಗಡಿ ಬೋರ್ಡು, ರೇಸಿನ ತಾರೀಕು, ಮರುದಿನದ ಪೇಪರ್ ವರದಿ ಎಲ್ಲಾ ಸೇರಿಸಿ ನೋಡಿದ ಮೇಲಷ್ಟೇ ತೀರ್ಮಾನ.

ಶಿರಸಿ ಬಸ್ ಸ್ಟ್ಯಾಂಡಿನ ಹಳೆ ಫೋಟೊ ಮನೇಲಿದ್ರೆ ನೀವೂ ಇದನ್ನ ಮಾಡಿ ನೋಡಬಹುದು. ಬಸ್ ಮೇಲೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಅಂತ ಇದ್ರೆ ಅದು 1997ರ ನವೆಂಬರ್ ನಂತರದ ಫೋಟೊ. ವಾಹನಕ್ಕೆ ಕೆಎ-31 ನಂಬರ್ ಇದ್ರೆ 1989ಕ್ಕಿಂತ ಹಿಂದಿನದ್ದು ಆಗೋಕೆ ಸಾಧ್ಯ ಇಲ್ಲ, ಯಾಕಂದ್ರೆ ಕೆಎ ಸರಣಿ ಶುರುವಾದದ್ದೇ ಆಗ. 'ಎಂವೈ' ಅಂತ ಶುರುವಾಗೋ ಪ್ಲೇಟ್ ಮೈಸೂರು ರಾಜ್ಯದ ಕಾಲದಿಂದ ಬಂದ ಸರಣಿ. ಬೋರ್ಡು, ಬಣ್ಣ, ನಂಬರ್ ಮೂರೂ ಒಂದೇ ಕಾಲ ಹೇಳ್ತಿವೆಯಾ ಅಂತ ನೋಡೋದು, ಅಷ್ಟೇ ಕೆಲಸ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ ಅಂದ್ರೆ ದುಡ್ಡು. 36 ಮಾತ್ರ ತಯಾರಾದ ಫೆರಾರಿ 250 ಜಿಟಿಒ ಕಾರುಗಳಲ್ಲಿ ಒಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯ್ತು. 2022ರಲ್ಲಿ ಮಾಸ್ ಓಡಿಸಿದ 300 ಎಸ್‌ಎಲ್‌ಆರ್‌ನ ಬಳಗದ್ದೇ ಒಂದು ಕೂಪೆ 13.5 ಕೋಟಿ ಯೂರೋಗೆ, ಅಂದ್ರೆ ಹತ್ತಿರ ಹತ್ತಿರ 1,100 ಕೋಟಿ ರೂಪಾಯಿಗೆ ಮಾರಾಟವಾಯ್ತು. ಕಾಗದಪತ್ರ ಇಲ್ಲದಿದ್ರೆ ಅವೂ ಬರೀ ಚಂದದ ಹಳೆ ಕಾರು.

ನಮ್ಮ ರಾಜ್ಯಕ್ಕೂ ರೇಸ್ ಚರಿತ್ರೆ ಇದೆ. ಬೆಂಗಳೂರಿನ ಸಿಪಾನಿಯವರು 80ರ ದಶಕದಲ್ಲಿ 'ಡಾಲ್ಫಿನ್' ಅಂತ ಒಂದು ಪುಟ್ಟ ಕಾರು ಮಾಡಿದ್ರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಆಧಾರದ್ದು, 848 ಸಿಸಿ ಇಂಜಿನ್, ಮೈ ಪೂರ್ತಿ ಫೈಬರ್. ತಗಡಿನ ಕಾರು ನೋಡಿ ಅಭ್ಯಾಸ ಇದ್ದ ಜನ ಫೈಬರ್ ಅಂತ ಮೂಗು ಮುರಿದ್ರು. ಆದರೆ ಹಗುರ ಇದ್ದದ್ದಕ್ಕೇ ರೇಸ್, ರ‍್ಯಾಲಿಯವರಿಗೆ ಅದು ಇಷ್ಟವಾಯ್ತು. ಮದ್ರಾಸ್ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧ ಕಾಲದ ವಿಮಾನದ ರನ್‌ವೇ ಮೇಲೆ ನಡೀತಿದ್ದ ರೇಸುಗಳಲ್ಲಿ ಫಿಯೆಟ್ 1100 ಜೊತೆ ಡಾಲ್ಫಿನ್ ಕೂಡ ಓಡಿದೆ. ಹಾಗೆ ಓಡಿದ ಕಾರುಗಳೇ ಆಮೇಲೆ ಬಣ್ಣ ಬದಲಿಸಿಕೊಂಡು ಕೈಯಿಂದ ಕೈಗೆ ಮಾರಾಟವಾಗಿರ್ತಾವೆ. ಮನೇಲಿ ಹಳೆ ಡಾಲ್ಫಿನ್ ಇದ್ದವರು ಡ್ಯಾಶ್‌ಬೋರ್ಡ್ ಹಿಂದೊಮ್ಮೆ ಟಾರ್ಚ್ ಹಾಕಿ ನೋಡೋದು ಒಳ್ಳೇದು.

ಈಗ ಕೊಟ್ಟಿಗೆ ಕಾರಿನ ವಿಷಯ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಕ್ಕೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ ಬೈಕು, ಕಾರುಗಳಿಗೆ ಇದು ಅನ್ವಯ. ಹೊಸದಾಗಿ ನೋಂದಾಯಿಸೋಕೆ 20,000 ರೂ., ನವೀಕರಣಕ್ಕೆ 5,000 ರೂ., ಅವಧಿ 10 ವರ್ಷ. ಹೊಸ ನೋಂದಣಿಯಾದ್ರೆ ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತೆ. ಮೊದಲೇ ನೋಂದಣಿ ಇದ್ದ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು, ಅಜ್ಜನ ಪ್ಲೇಟ್ ಹೋಗೋದಿಲ್ಲ.

ಆದರೆ ಒಂದು ಷರತ್ತು ಇದೆ. ಕಾರು ಮೂಲ ರೂಪದಲ್ಲೇ ಇರಬೇಕು, ಚೆಸ್ಸಿ, ಬಾಡಿ, ಇಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಮ್ಮ ಕಡೆ ಪೆಟ್ರೋಲ್ ಉಳಿಸೋಕೆ ಅಂತ ಹಳೆ ಜೀಪು, ಅಂಬಾಸಿಡರು, ಫಿಯೆಟ್ಟಿಗೆ ಬೇರೆ ಡೀಸೆಲ್ ಇಂಜಿನ್ ಕೂರಿಸಿದವರು ಕಡಿಮೆ ಇಲ್ಲ. ಅವರಿಗೆ ಇಲ್ಲೇ ತೊಡಕು. ಹಳೆ ಇಂಜಿನ್ ಇನ್ನೂ ಮೂಲೆಯಲ್ಲಿ ಬಿದ್ದಿದ್ರೆ ಗುಜರಿಗೆ ಹಾಕ್ಬೇಡಿ. ಬಣ್ಣ ಬದಲಿಸೋದೇ ಆದ್ರೆ ಮೊದಲು ಎಲ್ಲಾ ಕಡೆಯಿಂದ ಫೋಟೊ ತೆಗೆದಿಡಿ. ಚೆಸ್ಸಿ, ಇಂಜಿನ್ ನಂಬರ್ ಎರಡರದ್ದೂ ಪೆನ್ಸಿಲ್ ಅಚ್ಚು ತೆಗೆದು ಹಳೆ ಆರ್‌ಸಿ ಜೊತೆ ತಾಳೆ ನೋಡಿ. ಆರ್‌ಸಿಯಲ್ಲಿ ಬಣ್ಣ ಕೂಡ ಬರೆದಿರುತ್ತೆ ಅನ್ನೋದು ನೆನಪಿರಲಿ. ಅಜ್ಜನ ಕಾಲದ ಬಿಲ್ಲು, ತೆರಿಗೆ ರಸೀತಿ, ಮದುವೆ ಆಲ್ಬಮ್ಮಿನಲ್ಲಿ ಕಾರು ಕಾಣೋ ಫೋಟೊ ಇದ್ರೆ ಒಂದು ಕವರಿನಲ್ಲಿ ಹಾಕಿಡಿ.

1975ರ ಒಳಗೆ ನೋಂದಣಿಯಾದ ಫಿಯೆಟ್‌ಗಳು ಈಗ 50ರ ಗಡಿಯಲ್ಲಿವೆ. 1982ರ ಡಾಲ್ಫಿನ್ 2032ರವರೆಗೆ ಕಾಯಬೇಕು. ಮತ್ತೊಂದು, ವಿಂಟೇಜ್ ನೋಂದಣಿ ಸಿಕ್ಕ ಮೇಲೆ ಕಾರನ್ನ ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಎಣ್ಣೆ ಹಾಕಿಸೋದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಪೇಟೆಗೆ ಹೋಗಿ ಬರೋಕೆ, ಅಡಿಕೆ ಚೀಲ ಹೇರಿಕೊಂಡು ಬರೋಕೆ ಅದರಲ್ಲಿ ಅವಕಾಶ ಇಲ್ಲ.