ಕಗ್ಗದ ಗದ್ದೆಗೆ ಅತಿಥಿ ಆಳು

ಕಗ್ಗವೆಂದೊಡನೆ ನಗರದ ವಾಚಕರಿಗೆ ಡಿ.ವಿ.ಜಿ.ಯವರ ಕೃತಿ ನೆನಪಾಗುವುದು ಸಹಜ. ಆದರೆ ಕುಮಟಾ ತಾಲ್ಲೂಕಿನ ಅಘನಾಶಿನಿ ತೀರದ ರೈತನಿಗೆ ಅದು ಉಪ್ಪುನೀರನ್ನು ತಾಳಿ ಬೆಳೆಯುವ ಭತ್ತದ ಹೆಸರು.

ಹಲಸೂರು, ಇಂದಿರಾನಗರಗಳ ನಿವಾಸಿಗಳಿಗೆ ಆ ಸೀಮೆ ಈಗ ದುರ್ಗಮವಲ್ಲ. 2022ರಲ್ಲಿ ಬೈಯಪ್ಪನಹಳ್ಳಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರಕ್ಕೆ ರೈಲುಂಟು. ಅಲ್ಲಿಂದ ಬಸ್ಸಿನಲ್ಲಿ ಹೊನ್ನಾವರವನ್ನು ದಾಟಿದರೆ ಕುಮಟಾ.

ಅಘನಾಶಿನಿಯ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸಮುದ್ರದ ಉಬ್ಬರಕ್ಕೆ ಒಡ್ಡು ಕಟ್ಟಿ ಸಾಗುವಳಿ ಮಾಡುವ ಅಲ್ಲಿನ ಗದ್ದೆಗಳಿಗೆ ಗಜನಿಯೆಂದು ಹೆಸರು. ಮುಂಗಾರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗವು ಗೊಬ್ಬರವನ್ನೂ ಬೇಡದೆ ಬೆಳೆಯುತ್ತದೆ. ಕೊಯ್ಲಿನ ಬಳಿಕ ತೂಬು ತೆರೆದು ಉಪ್ಪುನೀರು ಬಿಟ್ಟರೆ, ಅದೇ ಗದ್ದೆಯು ಮೀನು, ಸೀಗಡಿಗಳ ನೆಲೆಯಾಗುತ್ತದೆ. ಒಡ್ಡು ಒಂದೆಡೆ ಒಡೆದರೂ ಎಲ್ಲರ ಪೈರಿಗೂ ಅಪಾಯ. ಆದುದರಿಂದ ಇದು ಒಬ್ಬನ ಬೇಸಾಯವಲ್ಲ. ಆ ಕೆಸರಿನಲ್ಲಿ ಕೈಕೆಲಸವೇ ಗತಿ. ಆಳುಗಳ ಅಭಾವದಿಂದ ಅನೇಕ ಗಜನಿಗಳು ಬೀಳುಬಿದ್ದಿವೆ.

ಹೊಲದಲ್ಲಿ ದುಡಿದು ಊಟ, ವಸತಿಗಳನ್ನು ಪಡೆಯುವ ಪ್ರವಾಸದ ಏರ್ಪಾಡೊಂದನ್ನು 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪಾರ್ಡ್ ಎಂಬ ಮಹಿಳೆ ಆರಂಭಿಸಿದರು. ಅದೀಗ ಅನೇಕ ದೇಶಗಳಿಗೆ ಹಬ್ಬಿದೆ. ಅದೇ ಉತ್ಸಾಹದಿಂದ ಕರಾವಳಿಗೆ ಹೊರಡುವ ತರುಣರು ಒಂದು ಮಾತನ್ನು ನೆನಪಿಡಬೇಕು: ಕಗ್ಗದ ಕೆಸರಿನಲ್ಲಿ ಹೊಸಬನ ದುಡಿಮೆಯು ಅವನುಣ್ಣುವ ಊಟಕ್ಕೆ ಸಮವಾಗುವುದು ಅಪರೂಪ. ಮುಂಚಿತವಾಗಿ ಕೇಳಿಕೊಂಡು, ಕೊಯ್ಲಿನ ಹೊತ್ತಿಗೆ ಹೋಗಿ, ಮನೆಯವರಿಗೆ ಊಟದ ವೆಚ್ಚವನ್ನು ತೆತ್ತು, ಮರಳುವಾಗ ಕಗ್ಗದ ಕೆಂಪಕ್ಕಿಯನ್ನು ಕೊಂಡು ತರುವುದೇ ನಿಜವಾದ ನೆರವು. ಉಣ್ಣುವವರಿದ್ದರೆ ತಾನೇ ಬೆಳೆಯುವವರು ಉಳಿದಾರು!